ಬಯಲಾಟ, ಹಲಸಿನ ಹಪ್ಪಳ, ಹಂಪಿ: ಮೂರಕ್ಕೂ ಒಂದೇ ಲೆನ್ಸ್ ಸಾಕಾಗುವುದೇ?

ಪ್ರಶ್ನೆ: ಅಡಿಕೆ ಅಂಗಳ (ಪುತ್ತೂರು)

ಎಲ್ಲರಿಗೂ ನಮಸ್ಕಾರ. ನಾನು ಪುತ್ತೂರಿನ ಸಮೀಪದ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ಛಾಯಾಗ್ರಹಣ ನನಗೆ ಹವ್ಯಾಸವೇ ಹೊರತು ವೃತ್ತಿಯಲ್ಲ. ಚಿತ್ರಗಳನ್ನು ಮಾರುವ ಉದ್ದೇಶವಾಗಲಿ, ಸ್ಪರ್ಧೆಗೆ ಕಳುಹಿಸುವ ಉಮೇದಾಗಲಿ ನನಗಿಲ್ಲ. ನನ್ನ ಬಳಿ ಇರುವುದು ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18–55 ಮಿ.ಮೀ. ಕಿಟ್ ಲೆನ್ಸ್. ಇವುಗಳಿಂದ ನಾನು ಮೂರು ಬಗೆಯ ಚಿತ್ರಗಳನ್ನು ತೆಗೆಯುತ್ತಿರುತ್ತೇನೆ: ಸುತ್ತಮುತ್ತಲ ಊರುಗಳ ಗದ್ದೆಗಳಲ್ಲಿ ನಡೆಯುವ ಯಕ್ಷಗಾನ ಬಯಲಾಟ, ಅಡಿಕೆ ಸುಲಿಯುವುದು, ಹಲಸಿನ ಹಪ್ಪಳ ಮಾಡುವುದು ಮುಂತಾದ ಮನೆಯ ಕೆಲಸಗಳು ಮತ್ತು ರಜೆಯಲ್ಲಿ ಹೋಗಿಬಂದ ಊರುಗಳು.

ಹಗಲಿನ ಚಿತ್ರಗಳು ಒಂದು ಮಟ್ಟಕ್ಕೆ ಬರುತ್ತಿವೆ. ಆದರೆ ಬಯಲಾಟದಲ್ಲಿ ವೇಷ ಕುಣಿಯತೊಡಗಿತೆಂದರೆ ಕೈಕಾಲುಗಳೆಲ್ಲ ಕಲಸಿಹೋಗುತ್ತವೆ, ಕಿರೀಟ ಬಿಳಿಚಿಕೊಳ್ಳುತ್ತದೆ, ಕೆಲವು ಚಿತ್ರಗಳಲ್ಲಿ ಅಡ್ಡಡ್ಡಲಾಗಿ ಕಪ್ಪು ಪಟ್ಟಿಗಳೂ ಕಾಣಿಸಿಕೊಳ್ಳುತ್ತವೆ. ಸಹೋದ್ಯೋಗಿಯೊಬ್ಬರು 55–250ರ ಜೂಮ್ ಲೆನ್ಸ್ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು 50 ಮಿ.ಮೀ. ಎಫ್/1.8 ಸಾಕು ಎನ್ನುತ್ತಾರೆ. ಎರಡನ್ನೂ ಕೊಳ್ಳುವ ಅನುಕೂಲ ಈಗ ಇಲ್ಲ. ಬೇಸಿಗೆ ರಜೆಯಲ್ಲಿ ಹಂಪಿಗೆ ಹೋಗುವ ಯೋಚನೆಯೂ ಇರುವುದರಿಂದ ಅಲ್ಲಿಗೂ ಉಪಯೋಗವಾಗುವಂತಿದ್ದರೆ ಒಳ್ಳೆಯದು.

ಜೊತೆಗೆ ಇನ್ನೊಂದು ಸಂಶಯ. ಹೀಗೆ ಕಂಡದ್ದನ್ನೆಲ್ಲ ತೆಗೆಯುತ್ತಿದ್ದರೆ ಯಾವುದರಲ್ಲೂ ಕೈ ಪಳಗುವುದಿಲ್ಲ, ಒಂದನ್ನೇ ಹಿಡಿಯಬೇಕು ಎಂದು ತಿಳಿದವರೊಬ್ಬರು ಹೇಳಿದರು. ಅನುಭವಿಗಳಾದ ನಿಮ್ಮ ಅಭಿಪ್ರಾಯವೇನು?

ಉತ್ತರ 1: ಚೌಕಿಮನೆ (ಉಡುಪಿ)

ಮೇಡಂ, ಬಯಲಾಟದ ಮಟ್ಟಿಗೆ ನಿಮಗೆ ಬೇಕಾಗಿರುವುದು ದೂರವನ್ನು ಹತ್ತಿರ ತರುವ ಲೆನ್ಸ್ ಅಲ್ಲ, ಹೆಚ್ಚು ಬೆಳಕನ್ನು ಒಳಗೆ ಬಿಡುವ ಲೆನ್ಸ್. ನಿಮ್ಮ ಕಿಟ್ ಲೆನ್ಸನ್ನು 55 ಮಿ.ಮೀ.ಗೆ ಎಳೆದಾಗ ಅದರ ಕಿಂಡಿ ತೆರೆದುಕೊಳ್ಳುವುದು ಎಫ್/5.6ರವರೆಗೆ ಮಾತ್ರ (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). 55–250ರ ಜೂಮ್ ಕೂಡ ಎಳೆದಂತೆಲ್ಲ ಅದೇ 5.6ಕ್ಕೆ ಬಂದು ನಿಲ್ಲುತ್ತದೆ. ಎಫ್/1.8ರ ಲೆನ್ಸ್ ಇದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಐಎಸ್‌ಒ 3200ರಲ್ಲಿ (ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಈಗ ನಿಮಗೆ ಸೆಕೆಂಡಿನ 50ನೇ ಒಂದು ಭಾಗದ ಶಟರ್ ವೇಗ ಸಿಗುತ್ತಿದ್ದರೆ, ಅದೇ ಬೆಳಕಿನಲ್ಲಿ, ಅದೇ ಐಎಸ್‌ಒದಲ್ಲಿ 500ನೇ ಒಂದು ಭಾಗ ಸಿಗುತ್ತದೆ. ಪುಂಡುವೇಷದ (ತರುಣ ವೀರನ ಪಾತ್ರದ) ಧೀಂಗಿಣ, ಅಂದರೆ ಸುತ್ತುತ್ತ ಜಿಗಿಯುವ ಕುಣಿತ, ಕಲಸಿಹೋಗದೆ ಸಿಗಬೇಕಾದರೆ ಈ 500 ಬೇಕೇ ಬೇಕು. ಅರ್ಥ ಹೇಳುತ್ತ ನಿಂತ ಪಾತ್ರಕ್ಕೆ 100 ಅಥವಾ 125 ಧಾರಾಳವಾಯಿತು.

ಕಪ್ಪು ಪಟ್ಟಿಗಳಿಗೆ ನಿಮ್ಮ ಕ್ಯಾಮೆರಾ ಕಾರಣವಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಹಾಗಾಗಿ ರಂಗಸ್ಥಳದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಶಟರ್ ವೇಗ 100 ಅಥವಾ 50 ಇದ್ದಾಗ ಒಂದು ಪೂರ್ತಿ ಏರಿಳಿತ ಚಿತ್ರದೊಳಗೆ ಅಡಗುವುದರಿಂದ ಬೆಳಕು ಸಮನಾಗಿ ಕಾಣುತ್ತದೆ. ಅದಕ್ಕಿಂತ ವೇಗ ಹೆಚ್ಚಿಸಿದರೆ ಏರಿಳಿತದ ಒಂದು ತುಣುಕು ಮಾತ್ರ ಸಿಕ್ಕಿ ಪಟ್ಟಿ ಬೀಳುತ್ತದೆ. ಆದ್ದರಿಂದ ಮಾತಿನ ಸನ್ನಿವೇಶಗಳಿಗೆ 100ರಲ್ಲೇ ಇರಿ, ಕುಣಿತಕ್ಕೆ 500ಕ್ಕೆ ಏರಿಸಿ ಒಂದರ ಹಿಂದೊಂದರಂತೆ ನಾಲ್ಕೈದು ಚಿತ್ರಗಳನ್ನು ತೆಗೆಯಿರಿ. ಅವುಗಳಲ್ಲಿ ಪಟ್ಟಿಯಿಲ್ಲದ ಒಂದೆರಡು ಸಾಮಾನ್ಯವಾಗಿ ಸಿಗುತ್ತವೆ. ಕ್ಯಾಮೆರಾದ ಮೆನುವಿನಲ್ಲಿ ಫ್ಲಿಕರ್ ತಡೆಯುವ ಆಯ್ಕೆ ಇದೆಯೇ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ಕಿರೀಟ ಬಿಳಿಚಿಕೊಳ್ಳುವುದು ಅಳತೆಯ ದೋಷದಿಂದ. ಗದ್ದೆಯ ಆಟದಲ್ಲಿ ರಂಗಸ್ಥಳದ ಹಿಂದೆಲ್ಲ ಕತ್ತಲೆ. ಕ್ಯಾಮೆರಾ ಆ ಕತ್ತಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇಡೀ ಚಿತ್ರವನ್ನು ಬೆಳಗಿಸಲು ಹೋಗುತ್ತದೆ, ಬಂಗಾರ ಬಣ್ಣದ ಕಾಗದ, ಕನ್ನಡಿ ಚೂರುಗಳೆಲ್ಲ ಇರುವ ಕಿರೀಟ ಮೊದಲು ಸುಟ್ಟುಹೋಗುತ್ತದೆ. ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಆಯ್ಕೆ) ಇಟ್ಟುಕೊಂಡು ಮುಖದ ಮೇಲೆ ಅಳೆಯಿರಿ, ಅಥವಾ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿಕೊಳ್ಳಿ. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತೆಗೆದರೆ ಮುಖದ ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಕಿರೀಟವನ್ನು ಮಾತ್ರ ಯಾವ ತಂತ್ರಾಂಶವೂ ಹಿಂದಕ್ಕೆ ತಾರದು.

50 ಮಿ.ಮೀ.ಗೆ ಹತ್ತಿರ ಕುಳಿತುಕೊಳ್ಳಬೇಕಾಗುತ್ತದೆ ಎಂಬುದು ನಿಜ. ಮುಂದಿನ ಸಾಲಿನ ಒಂದು ಬದಿಯಲ್ಲಿ ಕೆಳಗೆ ಕುಳಿತರೆ ಹಿಂದಿನವರಿಗೂ ಅಡ್ಡಿಯಾಗುವುದಿಲ್ಲ, ವೇಷಗಳು ಓರೆಯಾಗಿ ಕಾಣುವುದರಿಂದ ಚಿತ್ರಕ್ಕೆ ಆಳವೂ ಬರುತ್ತದೆ. ಎದ್ದು ನಿಂತು ತೆಗೆಯುವವರನ್ನು ಕಂಡರೆ ನಮಗೆ ಪ್ರೇಕ್ಷಕರಿಗೆ ಆಗುವ ಕಿರಿಕಿರಿ ನಿಮಗೆ ಗೊತ್ತೇ ಇದೆ. ಫ್ಲ್ಯಾಶಂತೂ ಬೇಡವೇ ಬೇಡ.

ಸಾಧ್ಯವಾದರೆ ಆಟ ಶುರುವಾಗುವುದಕ್ಕೆ ಸಾಕಷ್ಟು ಮೊದಲೇ ಹೋಗಿ, ಮೇಳದವರ ಒಪ್ಪಿಗೆ ಪಡೆದು ಚೌಕಿಯಲ್ಲಿ (ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಕುಳಿತುಕೊಳ್ಳಿ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಚುಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಇಡುತ್ತ ಹೋಗುವ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಲ್ಲಿ ಯಾರೂ ಕುಣಿಯುವುದಿಲ್ಲ, ಮುಖಕ್ಕೆ ಹತ್ತಿರದಲ್ಲೇ ದೀಪವಿರುತ್ತದೆ, ಎಫ್/1.8ಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಚೌಕಿಯಲ್ಲಿ ದೇವರ ಪೂಜೆ ನಡೆಯುವಾಗ ಕ್ಯಾಮೆರಾ ಕೆಳಗಿಡಿ, ಮುಂದಿನ ಆಟಕ್ಕೆ ಅವರೇ ಕರೆಯುತ್ತಾರೆ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮೇಳಗಳ ತಿರುಗಾಟ ಮುಗಿಯುವುದರಿಂದ ಲೆನ್ಸಿನ ವಿಚಾರ ಬೇಗ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಉತ್ತರ 2: ತುಂಗಭದ್ರೆಯ ದಡ (ಹೊಸಪೇಟೆ)

ಹಂಪಿಗೆ ನಿಮ್ಮ ಕಿಟ್ ಲೆನ್ಸೇ ಸಾಕು, ಅದಕ್ಕೆಂದು ಏನನ್ನೂ ಕೊಳ್ಳಬೇಡಿ. ಅಲ್ಲಿ ಬೆಳಕಿಗೆ ಬರವಿಲ್ಲ, ಬೇಸಿಗೆಯಲ್ಲಂತೂ ಅದು ವಿಪರೀತ. ಬೇಕಾಗುವುದು 18 ಮಿ.ಮೀ.ಯ ಅಗಲ. ಟ್ರೈಪಾಡ್ ಒಯ್ಯುವ ವಿಚಾರವಿದ್ದರೆ ಕೈಬಿಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಅದನ್ನು ನಿಲ್ಲಿಸಲು ಪುರಾತತ್ತ್ವ ಸರ್ವೇಕ್ಷಣೆಯ ಅನುಮತಿ ಬೇಕು.

ಎಲ್ಲರೂ ಸೂರ್ಯೋದಯ, ಸೂರ್ಯಾಸ್ತ ಎಂದೇ ಹೇಳುತ್ತಾರೆ. ಮಾತಂಗ ಬೆಟ್ಟದ ಮೇಲಿನಿಂದ ಅಚ್ಯುತರಾಯ ದೇವಾಲಯವನ್ನು ನೋಡಲು ಅದು ಸರಿ, ಆದರೆ ಕತ್ತಲಿರುವಾಗ ಒಬ್ಬರೇ ಹತ್ತಬೇಡಿ. ಉಬ್ಬುಶಿಲ್ಪಗಳ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರು, ನರ್ತಕಿಯರ ಸಾಲುಗಳಿವೆಯಲ್ಲ, ಅವುಗಳ ಮೇಲೆ ಬೆಳಕು ನೇರವಾಗಿ ಎದುರಿನಿಂದ ಬಿದ್ದರೆ, ಅದು ಎಷ್ಟೇ ಹೊಂಬಣ್ಣದ ಬೆಳಕಾಗಿದ್ದರೂ, ಕೆತ್ತನೆಯ ಉಬ್ಬುತಗ್ಗು ಅಳಿಸಿಹೋಗಿ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗಬೇಕು. ಸೂರ್ಯ ಮೇಲೇರಿದಾಗ, ಬೇರೆಲ್ಲ ಚಿತ್ರಗಳಿಗೆ ಕೆಟ್ಟದೆನಿಸುವ ಹೊತ್ತಿನಲ್ಲಿ, ಬೆಳಕು ಮೇಲಿನಿಂದ ಇಳಿದು ಪ್ರತಿಯೊಂದು ಆನೆಯ ಸೊಂಡಿಲ ಕೆಳಗೂ ಗೆರೆ ಎಳೆದಂತೆ ನೆರಳು ಬೀಳಿಸುತ್ತದೆ. ಹೊತ್ತು ಯಾವುದೆಂದು ನೋಡಬೇಡಿ, ಕೋನ ನೋಡಿ.

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಎಲ್ಲರೂ ನೋಡಿದ್ದೇವೆ, ಹಾಗಾಗಿ ಅದೇ ಚಿತ್ರವನ್ನು ಮತ್ತೊಮ್ಮೆ ತೆಗೆಯಲು ಬೇಸರವೆನಿಸಬಹುದು. ಹೋಗುವ ಮೊದಲು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳನ್ನು ಹುಡುಕಿ ನೋಡಿ. ಅವರೂ ವೃತ್ತಿಯಿಂದ ಛಾಯಾಗ್ರಾಹಕರಲ್ಲ. ಮೇಣ ಹಚ್ಚಿದ ಕಾಗದವನ್ನು ನೆಗೆಟಿವ್ ಆಗಿ ಬಳಸಿ ಅವರು ತೆಗೆದ ರಥದ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರ ಇನ್ನೂ ಇದೆ, ಇಂದು ಅದಿಲ್ಲ. ಹವ್ಯಾಸಕ್ಕೆ ತೆಗೆದ ಚಿತ್ರವೊಂದು ಕಟ್ಟಡದ ಇತಿಹಾಸಕ್ಕೇ ಸಾಕ್ಷಿಯಾಗಿ ನಿಂತಿದೆ. ಅದೇ ಜಾಗ ಹಿಡಿದು, ಅದೇ ಕೋನದಿಂದ ಒಂದು ಚಿತ್ರ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಮ್ಮ ವಿದ್ಯಾರ್ಥಿಗಳಿಗೂ ಒಳ್ಳೆಯ ಪಾಠವಾಗುತ್ತದೆ.

ಪಾಠದ ಮಾತು ಬಂದುದರಿಂದ ಇನ್ನೊಂದು: ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ ರಾಯಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ತಪ್ಪಿಸಿಕೊಳ್ಳಬೇಡಿ. ಸಣ್ಣ ಕಿಂಡಿಯೊಂದರಿಂದ ಬೆಳಕು ಒಳಗೆ ಬರುತ್ತದೆ, ಗೋಪುರದ ತುದಿಯಿಂದ ಹೊರಟ ಕಿರಣ ಕೆಳಕ್ಕೂ ಬುಡದಿಂದ ಹೊರಟದ್ದು ಮೇಲಕ್ಕೂ ಹೋಗಿ ಬೀಳುತ್ತದೆ. ನಾವು ಕೈಯಲ್ಲಿ ಹಿಡಿದಿರುವ ಕ್ಯಾಮೆರಾದೊಳಗೆ ನಡೆಯುವುದೂ ಇದೇ. ಒಳಗೆ ಕ್ಯಾಮೆರಾ ಬಳಸುವ ನಿಯಮವನ್ನು ಬಾಗಿಲಲ್ಲೇ ಕೇಳಿಕೊಳ್ಳಿ. ಕ್ಯಾಮೆರಾವನ್ನು ಗಟ್ಟಿಯಾದ ಯಾವುದಕ್ಕಾದರೂ ಆನಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟು ತೆಗೆದರೆ ಚಿತ್ರ ಅಲುಗದು.

ಉತ್ತರ 3: ಹಳೆಯ ರೀಲು (ಮೈಸೂರು)

ಲೆನ್ಸಿನ ವಿಚಾರವನ್ನು ಮೇಲಿನ ಇಬ್ಬರೂ ಚೆನ್ನಾಗಿಯೇ ಹೇಳಿದ್ದಾರೆ. ನಿಮ್ಮ ಎರಡನೆಯ ಸಂಶಯದ ಬಗ್ಗೆ ನನಗೆ ಒಂದೆರಡು ಮಾತು ಹೇಳುವುದಿದೆ.

ಒಂದನ್ನೇ ಹಿಡಿದು ಸಾಧಿಸಿದವರು ಇದ್ದಾರೆ; ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಾಹಕರಾಗಿ ದೇಶವೆಲ್ಲ ಸುತ್ತಿದರೂ ಅವರ ಕಣ್ಣು ನಿಂತದ್ದು ಸಾಮಾನ್ಯ ಜನರ ದಿನನಿತ್ಯದ ಬದುಕಿನ ಮೇಲೆ. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ವಿಷಯ ಹಲವು ಇದ್ದರೂ ನೋಡುವ ರೀತಿ ಒಂದೇ ಆಗಿದ್ದರೆ ಸಾಕು ಎಂದು ನಾನು ಭಾವಿಸಿರುವುದು ಇಂಥವರ ಕೆಲಸ ನೋಡಿಯೇ.

ನಿಮ್ಮ ಪಟ್ಟಿಯನ್ನೇ ನೋಡಿ: ಚೌಕಿಯಲ್ಲಿ ಬಣ್ಣ ಬರೆಯುವ ಕೈ, ಹಪ್ಪಳ ಒತ್ತುವ ಕೈ, ಕಲ್ಲು ಕೆತ್ತಿದ ಕೈ. ಇವು ಮೂರು ಬೇರೆ ಬೇರೆ ಹವ್ಯಾಸಗಳೆಂದು ನನಗಂತೂ ತೋರುವುದಿಲ್ಲ. ಕೊರತೆ ಇರುವುದು ಹಂಚಿಕೊಳ್ಳುವಾಗಿನ ಆಯ್ಕೆಯಲ್ಲಿ. 36 ಚಿತ್ರಗಳ ರೀಲಿನ ಕಾಲದಲ್ಲಿ ಖರ್ಚೇ ನಮ್ಮ ಕೈ ಹಿಡಿಯುತ್ತಿತ್ತು, ಈಗ ಹಿಡಿಯುವವರಿಲ್ಲ. ಒಂದೇ ದಿನದ ಆಟದ ಚಿತ್ರಗಳನ್ನು ಡಜನುಗಟ್ಟಲೆ ಹಾಕಿದರೆ ನೋಡುವವರು ಯಾವುದನ್ನೂ ನೋಡುವುದಿಲ್ಲ. ತೆಗೆದ ಮರುದಿನ ಆರಿಸಬೇಡಿ, ಒಂದು ವಾರ ಬಿಟ್ಟು ಆರಿಸಿ; ಆಗ ತೆಗೆಯಲು ಪಟ್ಟ ಪಾಡು ಮರೆತು ಚಿತ್ರವಷ್ಟೇ ಕಾಣುತ್ತದೆ.

ಹಪ್ಪಳದ ಕೆಲಸವನ್ನು ಬಿಡಿಚಿತ್ರವಾಗಿ ಅಲ್ಲ, ಸಾಲಾಗಿ ತೆಗೆಯಿರಿ ಎಂಬುದು ನನ್ನ ಒತ್ತಾಯ. ಹಲಸಿನ ಮೇಣ ಅಂಟದಂತೆ ಕೈಗೆ ಎಣ್ಣೆ ಸವರಿಕೊಳ್ಳುವುದು, ಸೊಳೆ (ತೊಳೆ) ಬಿಡಿಸುವುದು, ಬೇಯಿಸಿ ಗುದ್ದುವುದು, ಉಂಡೆ ಕಟ್ಟಿ ಮಣೆಯಲ್ಲಿ ಒತ್ತುವುದು, ಚಾಪೆಯ ಮೇಲೆ ಹರಡುವುದು: ಇವಿಷ್ಟನ್ನು ಐದಾರು ಚಿತ್ರಗಳಲ್ಲಿ ಕ್ರಮವಾಗಿ ಕೊಟ್ಟರೆ, ನಿಮ್ಮ ಜಿಲ್ಲೆಯನ್ನೇ ನೋಡದ ಬಯಲುಸೀಮೆಯವನಿಗೂ ಅರ್ಥವಾಗುತ್ತದೆ. ಎಣ್ಣೆ ಸವರಿದ ಬೆರಳುಗಳ ಮೇಲೆ ಕಿಟಕಿಯ ಬೆಳಕು ಹೊಳೆಯುವ ಆ ಮೊದಲ ಚಿತ್ರ ಒಂದು ಸರಿಯಾಗಿ ಸಿಕ್ಕಿದರೆ ಉಳಿದವು ಅದರ ಹಿಂದೆ ತಾವಾಗಿ ಸಾಲುಗೂಡುತ್ತವೆ. ಆ ಕೆಲಸ ಮಾಡುವ ಅಮ್ಮ, ಅತ್ತೆಯರಿಗೆ ಚಿತ್ರ ತೋರಿಸಿ, ಒಪ್ಪಿಗೆ ಕೇಳಿಯೇ ಹಂಚಿಕೊಳ್ಳಿ. ಮನೆಯವರೆಂಬ ಸಲಿಗೆಯಲ್ಲಿ ಈ ಮಾತನ್ನು ಬಹಳ ಮಂದಿ ಮರೆಯುತ್ತಾರೆ.

ಉತ್ತರ 4: ಕಡಲಕರೆ (ಕುಮಟಾ)

ಎಲ್ಲರೂ ಕೊಳ್ಳುವ ಬಗ್ಗೆ ಬರೆದಿದ್ದಾರೆ, ಕಾಪಾಡುವ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಲೆನ್ಸನ್ನು ಬಟ್ಟೆಯ ಚೀಲದಲ್ಲಿಟ್ಟು ಕಪಾಟಿಗೆ ಹಾಕಿದರೆ ಗಾಜಿನೊಳಗೆ ಶಿಲೀಂಧ್ರ ಬೆಳೆಯುತ್ತದೆ. ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮಾಪಕ ಇಷ್ಟಿದ್ದರೆ ಸಾಕು. ಮಾಪಕ ಶೇ. 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ, ಜೆಲ್‌ನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ತಿಂಗಳುಗಟ್ಟಲೆ ಮುಚ್ಚಿಯೇ ಇಡಬೇಡಿ; ಆಗಾಗ ಹೊರತೆಗೆದು ಬಳಸುತ್ತಿದ್ದರೆ ಲೆನ್ಸ್ ಚೆನ್ನಾಗಿ ಉಳಿಯುತ್ತದೆ.

50 ಮಿ.ಮೀ. ಲೆನ್ಸ್ ಹಳೆಯದಾಗಿಯೂ ಕಡಿಮೆ ಬೆಲೆಗೆ ಸಿಗುತ್ತದೆ. ಕೊಳ್ಳುವ ಮುನ್ನ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂಬದಿಯಿಂದ ನೋಡಿ. ಅಂಚಿನಲ್ಲಿ ಬಿಳಿ ಎಳೆಗಳು ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನಿ. ನಿಮ್ಮ ಕ್ಯಾಮೆರಾದಲ್ಲಿ ಆಟೋಫೋಕಸ್ ಮೋಟಾರ್ ಇಲ್ಲದಿದ್ದರೆ ಲೆನ್ಸಿನಲ್ಲೇ ಮೋಟಾರ್ ಇರುವುದನ್ನು ಕೇಳಿ ಪಡೆಯಿರಿ, ಇಲ್ಲವಾದರೆ ಕುಣಿತದ ನಡುವೆ ಕೈಯಿಂದ ಫೋಕಸ್ ತಿರುಗಿಸುತ್ತ ಕೂರಬೇಕಾದೀತು.

ಅಡಿಕೆ ಅಂಗಳ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. 50 ಮಿ.ಮೀ. ಎಫ್/1.8 ಎಂದೇ ನಿಶ್ಚಯಿಸಿದ್ದೇನೆ. ಹಂಪಿಗೆ ಕಿಟ್ ಲೆನ್ಸ್ ಒಯ್ಯುತ್ತೇನೆ. ಒಂದು ಮಾತು ಮಾತ್ರ ಬಾಕಿ: ಹಪ್ಪಳದ ಚಿತ್ರಗಳನ್ನೂ ಈ ಹೊಸ ಲೆನ್ಸಿನಲ್ಲೇ ತೆಗೆಯಬಹುದೇ? ನಮ್ಮ ಅಡುಗೆಮನೆ ಚಿಕ್ಕದು, ಇರುವುದು ಒಂದೇ ಕಿಟಕಿ.

ಚೌಕಿಮನೆ (ಉಡುಪಿ)

ಕೈಬೆರಳು, ಉಂಡೆ, ಮಣೆ ಇಷ್ಟನ್ನು ತುಂಬಿಸಲು 50 ಒಳ್ಳೆಯದು, ಆದರೆ ಇಡೀ ಅಡುಗೆಮನೆ ಅದರಲ್ಲಿ ಹಿಡಿಯುವುದಿಲ್ಲ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ ಅದು ಸುಮಾರು 75–80 ಮಿ.ಮೀ.ಯಷ್ಟೇ ಕಿರಿದಾಗಿ ನೋಡುತ್ತದೆ, ಬೆನ್ನು ಗೋಡೆಗೆ ತಾಗಿದರೂ ಎದುರಿಗೆ ಕುಳಿತ ಒಬ್ಬರಷ್ಟೇ ಚೌಕಟ್ಟಿನಲ್ಲಿ ಹಿಡಿಸುತ್ತಾರೆ. ಎಲ್ಲರೂ ಕೂಡಿ ಕೆಲಸ ಮಾಡುವ ಚಿತ್ರಕ್ಕೆ ಕಿಟ್ ಲೆನ್ಸನ್ನೇ 18ರಲ್ಲಿಟ್ಟು, ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರುವಂತೆ ನಿಂತು, ಒಳಗಿನ ಬಲ್ಬನ್ನು ಆರಿಸಿ ತೆಗೆಯಿರಿ. ಬಲ್ಬಿನ ಬಣ್ಣವೂ ಕಿಟಕಿಯ ಬಣ್ಣವೂ ಬೆರೆತರೆ ಹಲಸಿನ ಹಳದಿ ಸರಿಯಾಗಿ ಬರುವುದಿಲ್ಲ.