ಸಹಾಯ ಬೇಕು: ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳು 11ನೇ ಕ್ಲಾಸು, ಐಬಿ ಡಿಪ್ಲೊಮಾ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಪಿಯುಸಿ ಮಟ್ಟದ ಅಂತರರಾಷ್ಟ್ರೀಯ ಕೋರ್ಸು) ಓದುತ್ತಿದ್ದಾಳೆ. ಅದರಲ್ಲಿ ಎಕ್ಸ್‌ಟೆಂಡೆಡ್ ಎಸ್ಸೆ ಅಂತ ಒಂದು ದೊಡ್ಡ ಪ್ರಬಂಧ ಇದೆ. ವಿಷಯವನ್ನು ಮಕ್ಕಳೇ ಆರಿಸಿಕೊಂಡು, ತಾವೇ ಹುಡುಕಿ ಓದಿ, 4000 ಪದದೊಳಗೆ ಬರೆಯಬೇಕು. ಟೀಚರ್ ದಾರಿ ತೋರಿಸುತ್ತಾರೆ ಅಷ್ಟೇ. ಇದರಲ್ಲಿ ಫೇಲಾದರೆ ಡಿಪ್ಲೊಮಾನೇ ಸಿಗುವುದಿಲ್ಲ.

ಅವಳು ಆರಿಸಿಕೊಂಡಿರುವುದು ಇತಿಹಾಸ. ಹಗಲೆಲ್ಲ ಹೋಟೆಲಿನಲ್ಲಿ ಗ್ಲಾಸು ತೊಳೆದು, ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಮಾಡಿಕೊಂಡ ನಮ್ಮೂರ ಹುಡುಗರ ವಿಷಯ. ನನ್ನ ದೊಡ್ಡಪ್ಪನೂ ಹಾಗೇ ಓದಿದವರು. ಅವರ ಟ್ರಂಕಿನಲ್ಲಿ ಸಿಕ್ಕ ಲೀವಿಂಗ್ ಸರ್ಟಿಫಿಕೇಟು ಮಡಿಕೆ ಮಡಿಕೆಯಲ್ಲೂ ಹರಿದಿದೆ, ಹೆಡ್‌ಮಾಸ್ಟರ ಸಹಿ ಮಾತ್ರ ಇನ್ನೂ ಓದಬಹುದು. ಅದನ್ನು ನೋಡಿದ ಮೇಲೆ ಅವಳು ಬೇರೆ ವಿಷಯ ಬೇಡ ಎಂದುಬಿಟ್ಟಳು. ನನಗೆ ತುಂಬಾ ಖುಷಿಯಾಯಿತು.

ಕಾಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ಹೋಗಿ ವಿಚಾರಿಸುತ್ತೇವೆ. ಆದರೆ ಪುಸ್ತಕಕ್ಕಿಂತ ಜಾಸ್ತಿ ಬೇಕಾಗಿರುವುದು ಮನುಷ್ಯರು. 1950, 60ರ ದಶಕದಲ್ಲಿ ಓದಿದವರು ಅಥವಾ ಪಾಠ ಮಾಡಿದವರು ನಿಮ್ಮ ಮನೆಯಲ್ಲಿ, ಬಿಲ್ಡಿಂಗಿನಲ್ಲಿ ಇದ್ದಾರಾ? ಅವರ ಜೊತೆ ಒಂದು ಗಂಟೆ ಕೂತು ಮಾತಾಡಬೇಕು. ಧಣಿಗಳು ಬೇಗ ಬಿಡುತ್ತಿದ್ದರಾ, ಫೀಸು ಯಾರು ಕಟ್ಟುತ್ತಿದ್ದರು, ಪರೀಕ್ಷೆ ಸಮಯದಲ್ಲಿ ಎಲ್ಲಿ ಕೂತು ಓದುತ್ತಿದ್ದರು, ಇಂಥದ್ದೆಲ್ಲ ಕೇಳಬೇಕಂತೆ. ತುಳುವಿನಲ್ಲಿ ಹೇಳಿದರೂ ಆದೀತು, ನಾನು ಜೊತೆಗಿರುತ್ತೇನೆ.

ಹಳೆಯ ಸ್ಮರಣ ಸಂಚಿಕೆ, ಹಾಜರಿ ಪುಸ್ತಕ, ಗ್ರೂಪ್ ಫೋಟೋ ಇದ್ದರೆ ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತೇವೆ, ಮನೆಯಿಂದ ಆಚೆ ಒಯ್ಯುವುದಿಲ್ಲ. ದಯವಿಟ್ಟು ಬರೆದುಕೊಡುವವರ ನಂಬರ್ ಕಳಿಸಬೇಡಿ, ಬರೆಯುವುದು ಅವಳೇ. ಡೊಂಬಿವಲಿ, ವಸಾಯಿ, ಪನ್ವೇಲ್, ಎಲ್ಲಿದ್ದರೂ ಭಾನುವಾರ ನಾವೇ ಬರುತ್ತೇವೆ. ಮೆಸೇಜ್ ಮಾಡಿ.