ಕೋತಿಗಳಿಗೂ ಧನುರ್ವಾಯು ಲಸಿಕೆ ಹಾಕಿಸಬಹುದೇ?

ಪ್ರಶ್ನೆ: ಡಾಕ್ಟರೇ, ನಮ್ಮೂರ ಗುಡ್ಡದ ದೇವಸ್ಥಾನದ ಕೋತಿಗಳು ಕಚ್ಚಾಡಿ ಮೈತುಂಬ ಗಾಯ ಮಾಡಿಕೊಂಡಿವೆ. ನಮಗಾದರೆ ಮೊಳೆ ಚುಚ್ಚಿದರೂ ಟಿ.ಟಿ. ಹಾಕುತ್ತಾರೆ. ಅವಕ್ಕೆ ಧನುರ್ವಾಯು ಬರುವುದಿಲ್ಲವೇ?

ಪಶುವೈದ್ಯೆ: ಬರುತ್ತದೆ, ಕೊಲ್ಲುತ್ತದೆ ಕೂಡ. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ತೀರದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಕಾಯೋ ಸಾಂಟಿಯಾಗೊ ಎಂಬ ಪುಟ್ಟ ದ್ವೀಪವಿದೆ. 1938ರಲ್ಲಿ ಭಾರತದಿಂದ ಹಡಗಿನಲ್ಲಿ ಒಯ್ದ ಸುಮಾರು 400 ರೀಸಸ್ ಕೋತಿಗಳನ್ನು ಅಲ್ಲಿ ಬಿಟ್ಟರು. ಈಗಿರುವವು ಅವುಗಳ ಸಂತತಿ. ಪಂಜರವಿಲ್ಲ, ಮೇವು ಮಾತ್ರ ಹಾಕುತ್ತಾರೆ. ಬೆದೆಗಾಲದಲ್ಲಿ ಗಂಡುಗಳು ಕಾದಾಡುತ್ತವೆ, ಗಾಯಕ್ಕೆ ಮಣ್ಣು ಹತ್ತುತ್ತದೆ. ಒಂದು ಕಾಲದಲ್ಲಿ ಅಲ್ಲಿನ ಸಾವುಗಳಿಗೆ ಧನುರ್ವಾಯುವೇ ದೊಡ್ಡ ಕಾರಣವಾಗಿತ್ತು. 1985-86ರಲ್ಲಿ ಇಡೀ ಹಿಂಡಿಗೆ ಲಸಿಕೆ ಹಾಕಿದರು, ರೋಗ ನಿಂತೇಹೋಯಿತು. ಆಮೇಲೆ ಹುಟ್ಟಿದ ಮರಿಗಳಿಗೆ ವರ್ಷ ತುಂಬಿದಾಗ ಒಂದು, ಮರುವರ್ಷ ಇನ್ನೊಂದು ಚುಚ್ಚುಮದ್ದು. ಎಷ್ಟೋ ವರ್ಷಗಳ ನಂತರ ರಕ್ತ ಪರೀಕ್ಷಿಸಿದಾಗಲೂ ರೋಗ ತಡೆಯುವ ಪ್ರತಿಕಾಯಗಳು ಸಾಕಷ್ಟು ಉಳಿದಿದ್ದವು. ಎರಡೇ ಡೋಸಿನ ರಕ್ಷಣೆ ಬಹುಶಃ ಜೀವಮಾನವಿಡೀ ಇರುತ್ತದೆ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು.

ಇನ್ನೊಬ್ಬರ ಪ್ರಶ್ನೆ: ಮೇಡಂ, ರೋಗಾಣು ಅಲ್ಲಿನ ಮಣ್ಣಿನಲ್ಲೇ ಇದ್ದ ಮೇಲೆ, ಅದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ಕೋತಿಗಳಿಗೆ ತಾನಾಗಿಯೇ ಶಕ್ತಿ ಬರಬೇಕಿತ್ತಲ್ಲವೇ?

ಪಶುವೈದ್ಯೆ: ಒಳ್ಳೆಯ ಪ್ರಶ್ನೆ. ಇಲ್ಲಿ ಪ್ರಾಣ ತೆಗೆಯುವುದು ಬ್ಯಾಕ್ಟೀರಿಯಾ ಅಲ್ಲ, ಗಾಯದೊಳಗೆ ಕುಳಿತು ಅದು ಉಗುಳುವ ವಿಷ. ಕೊಲ್ಲಲು ಬೇಕಾದ ವಿಷದ ಪ್ರಮಾಣ ಎಷ್ಟು ಸೂಕ್ಷ್ಮವೆಂದರೆ, ದೇಹದ ರಕ್ಷಣಾ ವ್ಯವಸ್ಥೆ ಎಚ್ಚರಗೊಳ್ಳಲು ಅಷ್ಟು ಸಾಲದು. ಹಾಗಾಗಿ ಧನುರ್ವಾಯು ಬಂದು ಬದುಕಿದವರಿಗೂ ಲಸಿಕೆ ಹಾಕಲೇಬೇಕು. ಲಸಿಕೆಯಲ್ಲಿರುವುದು ಅದೇ ವಿಷ. ಫಾರ್ಮಾಲಿನ್ ಎಂಬ ರಾಸಾಯನಿಕದಿಂದ ಹಲ್ಲು ಕಿತ್ತ ಹಾವು ಅದು. ಅದನ್ನು ನೋಡಿ ಕಲಿತ ದೇಹ ತಯಾರಿಸುವ ಪ್ರತಿಕಾಯಗಳು ವಿಷ ನರ ಸೇರುವ ಮೊದಲೇ ಅದನ್ನು ಹಿಡಿದುಬಿಡುತ್ತವೆ. ನರದೊಳಗೆ ಹೊಕ್ಕ ವಿಷವನ್ನು ಮಾತ್ರ ಯಾವ ಪ್ರತಿಕಾಯವೂ ಮುಟ್ಟಲಾರದು. ಇನ್ನೊಂದು ಮಾತು: ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದ್ದರಿಂದ ಪಕ್ಕದ ಕೋತಿಗೆ ಲಸಿಕೆ ಬಿದ್ದರೆ ಈ ಕೋತಿಗೆ ಲಾಭವಿಲ್ಲ. ತಾಯಿಯ ಪ್ರತಿಕಾಯ ಗರ್ಭದಲ್ಲಿರುವ ಮರಿಗೆ ದಾಟುತ್ತದೆ ನಿಜ, ಆದರೆ ಅದು ಕೆಲವು ತಿಂಗಳ ಸಾಲ ಅಷ್ಟೇ.

ಮೊದಲಿನವರು: ಹಾಗಾದರೆ ಚಂದಾ ಎತ್ತಿ ನಮ್ಮ ಕೋತಿಗಳಿಗೂ ಹಾಕಿಸೋಣವೇ?

ಪಶುವೈದ್ಯೆ: ದಯವಿಟ್ಟು ಬೇಡ. ಆ ದ್ವೀಪದಲ್ಲಿ ಪ್ರತಿ ಕೋತಿಗೂ ಹಚ್ಚೆಯ ಗುರುತಿದೆ, ವರ್ಷಕ್ಕೊಮ್ಮೆ ಹಿಡಿಯುವ ವ್ಯವಸ್ಥೆಯಿದೆ. ನಿಮ್ಮ ಗುಡ್ಡದಲ್ಲಿ ಯಾವುದಕ್ಕೆ ಮೊದಲ ಡೋಸ್ ಬಿತ್ತೆಂದು ಮರುವರ್ಷ ಹೇಗೆ ಗುರುತಿಸುತ್ತೀರಿ? ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಿಡಿಯುವಂತೆಯೂ ಇಲ್ಲ. ಚಂದಾ ಬದಲು, ಭಕ್ತರು ಬಾಳೆಹಣ್ಣನ್ನು ಒಂದೇ ಕಡೆ ರಾಶಿ ಸುರಿಯುವುದನ್ನು ನಿಲ್ಲಿಸಿ. ಅರ್ಧ ಜಗಳ ಅಲ್ಲಿಯೇ ಹುಟ್ಟುವುದು. ದವಡೆ ಬಿಗಿದು, ಮೈ ಸೆಟೆದು ಬಿದ್ದ ಕೋತಿ ಕಂಡರೆ ಮುಟ್ಟದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ನಿಮ್ಮನ್ನೇ ಕಚ್ಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಅಲ್ಲಿ ಧನುರ್ವಾಯುವಿನ ಚುಚ್ಚುಮದ್ದೊಂದೇ ಅಲ್ಲ, ರೇಬಿಸ್ ಲಸಿಕೆಯನ್ನೂ ಕೇಳಿ.