ಏನೂ ಪ್ಲೇ ಮಾಡ್ದೆ ಸುಮ್ನೆ ಹೆಡ್‌ಫೋನ್ ಹಾಕ್ಕೊಂಡು ಕೂರೋರು ಇನ್ಯಾರಾದ್ರೂ ಇದ್ದೀರಾ?

ಕಿಟಕಿಸೀಟು:

ಎಲ್ರಿಗೂ ನಮಸ್ಕಾರ, ಸ್ವಲ್ಪ ವಿಚಿತ್ರ ಪ್ರಶ್ನೆ, ನಗಬೇಡಿ. ನಂಗೆ ದಿನಾ ಬಸ್ಸು, ಆಮೇಲೆ ಮೆಟ್ರೋ, ಆಮೇಲೆ ಗೋಡೆ ಅನ್ನೋದೇ ಇಲ್ಲದ ಓಪನ್ ಆಫೀಸು, ಮನೆಗೆ ಬಂದ್ರೆ ಪಕ್ಕದಲ್ಲಿ ಬಿಲ್ಡಿಂಗ್ ಏಳ್ತಾ ಇದೆ, ಅಲ್ಲಿ ಡ್ರಿಲ್ಲಿಂಗು. ಬೆಳಗ್ಗೆ ಎದ್ದಾಗಿಂದ ಮಲಗೋ ತನಕ ಯಾವ್ದಾದ್ರೂ ಒಂದು ಸದ್ದು ಕಿವಿಗೆ ಬೀಳ್ತಾನೇ ಇರತ್ತೆ. ಅದಕ್ಕೇ ನಾಯ್ಸ್ ಕ್ಯಾನ್ಸಲಿಂಗ್ ಇರೋ ದೊಡ್ಡ ಹೆಡ್‌ಫೋನ್ ತಗೊಂಡೆ. ಮೊದಮೊದಲು ಹಾಡು ಕೇಳ್ತಿದ್ದೆ, ಈಗ ಎಷ್ಟೋ ಸಲ ಏನೂ ಹಾಕೋದೇ ಇಲ್ಲ, ಸುಮ್ನೆ ಕಿವಿ ಮೇಲೆ ಇಟ್ಕೊಂಡು ಕೂತಿರ್ತೀನಿ. ಅದನ್ನ ಹಾಕ್ಕೊಂಡ ತಕ್ಷಣ ಒಂದು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ ಹಾಗಾಗತ್ತೆ, ಭುಜ ಇಳಿಯತ್ತೆ, ಉಸಿರು ನಿಧಾನ ಆಗತ್ತೆ.

ಈಗ ತೊಂದ್ರೆ ಏನಂದ್ರೆ, ಬಸ್ಸಿನ ಗುರ್ ಅನ್ನೋ ಸದ್ದು ಕಮ್ಮಿ ಆಗತ್ತೆ ಸರಿ, ಆದ್ರೆ ಹಿಂದಿನ ಸೀಟಲ್ಲಿ ಫೋನಲ್ಲಿ ಮಾತಾಡೋರ ಮಾತು ಮುಂಚೆಗಿಂತ ಚೆನ್ನಾಗಿ ಕೇಳ್ಸತ್ತೆ! ಯಾರ ಮನೇಲಿ ಯಾರಿಗೆ ಯಾರ ಮೇಲೆ ಕೋಪ ಅಂತೆಲ್ಲ ಗೊತ್ತಾಗ್ತಿದೆ. ಅದನ್ನ ಮುಚ್ಚೋಕೆ ವಾಲ್ಯೂಮ್ ಏರಿಸ್ತೀನಿ, ಸಂಜೆ ಹೊತ್ತಿಗೆ ಕಿವೀಲಿ ಸಣ್ಣಗೆ ಗುಂಯ್ ಅನ್ನತ್ತೆ. ಇನ್ನೊಂದು ಕಡೆ ಆಫೀಸಲ್ಲಿ ನಂಗೆ ಜಂಬ ಅಂತ ಮಾತಾಡ್ಕೋತಾರಂತೆ. ನೀವೆಲ್ಲ ಹೇಗೆ ಮ್ಯಾನೇಜ್ ಮಾಡ್ತೀರಾ? ಯಾವ ಮಾಡೆಲ್ ಅಂತ ಕೇಳ್ತಿಲ್ಲ, ಬಳಸೋ ರೀತಿ ಕೇಳ್ತಿದೀನಿ.

ತಂತಿಬಾಬು:

ಮೇಡಂ, ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ, ಅದರ ಕೆಲಸಾನೇ ಹಂಗೆ. ಹೊರಗಡೆ ಸದ್ದನ್ನ ಅದರಲ್ಲಿರೋ ಸಣ್ಣ ಮೈಕು ಹಿಡ್ಕೊಂಡು, ಅದಕ್ಕೆ ಸರಿಯಾಗಿ ಉಲ್ಟಾ ಇರೋ ಅಲೆ ಮಾಡಿ ಕಿವಿ ಒಳಗೆ ಬಿಡತ್ತೆ, ಎರಡೂ ಸೇರಿದ್ರೆ ಒಂದನ್ನೊಂದು ಹೊಡೆದು ಹಾಕತ್ತೆ. ಐಡಿಯಾ ಹೊಸದೇನಲ್ಲ, ಪಾಲ್ ಲೂಯೆಗ್ ಅಂತ ಜರ್ಮನಿಯವನೊಬ್ಬನಿಗೆ 1936ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದೆ, ಆದ್ರೆ ಕಿವಿ ಮೇಲೆ ಕೂರೋ ಸಾಮಾನಾಗಿ ಬರೋಕೆ ತುಂಬ ವರ್ಷ ಹಿಡೀತು. ಬೋಸ್ ಆಡಿಯೋ ಕಂಪನಿ ಕಟ್ಟಿದ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕೂತಿದ್ದಾಗ ಅಲ್ಲಿ ಕೊಟ್ಟ ಹೆಡ್‌ಫೋನಲ್ಲಿ ಇಂಜಿನ್ ಸದ್ದು ಬಿಟ್ಟು ಬೇರೇನೂ ಕೇಳದೆ ಅಲ್ಲೇ ಲೆಕ್ಕ ಹಾಕೋಕೆ ಶುರು ಮಾಡಿದ್ರು, ಅವರ ಕಂಪನಿಯ ಪೈಲಟ್‌ಗಳ ಹೆಡ್‌ಸೆಟ್ ಮಾರಾಟಕ್ಕೆ ಬಂದಿದ್ದು 1989ರಲ್ಲಿ. ಅಂದ್ರೆ ಈ ವಸ್ತು ಹುಟ್ಟಿದ್ದೇ ಇಂಜಿನ್ ಸದ್ದಿಗೋಸ್ಕರ, ಪಕ್ಕದ ಸೀಟಿನವರ ಸಂಸಾರದ ಕಥೆಗೋಸ್ಕರ ಅಲ್ಲ.

ಇಂಜಿನ್ನು, ಏಸಿ, ಫ್ಯಾನು, ಮೆಟ್ರೋ ಹಳಿ ಗುಡುಗು, ಇವೆಲ್ಲ ಕೆಳಗಿನ ಫ್ರೀಕ್ವೆನ್ಸಿ, ಅಂದ್ರೆ ದಪ್ಪ ದನಿಯ, ಒಂದೇ ಸಮ ಬರೋ ಸದ್ದು. ಅದಕ್ಕೆ ಉಲ್ಟಾ ಅಲೆ ಮಾಡೋದು ಸುಲಭ. ಸುಮಾರು 1000 ಹರ್ಟ್ಸ್ (ಸೆಕೆಂಡಿಗೆ ಸಾವಿರ ಅಲೆ) ದಾಟಿದ ಮೇಲೆ ಎಲೆಕ್ಟ್ರಾನಿಕ್ಸ್ ಆಟ ಅಷ್ಟಾಗಿ ನಡೆಯಲ್ಲ, ಅಲ್ಲಿಂದ ಮೇಲೆ ತಡೆಯೋದು ಬರೀ ಕುಶನ್ನು, ರಬ್ಬರ್ ಟಿಪ್ಪು. ಮಾತಲ್ಲಿ ಸ, ಶ, ತ, ಕ ಇಂಥ ವ್ಯಂಜನದ ಸದ್ದೆಲ್ಲ ಹೆಚ್ಚಾಗಿ ಮೇಲಿನ ಕಡೆ ಇರತ್ತೆ, ಮಾತು ಅರ್ಥ ಆಗೋದೂ ಅವುಗಳಿಂದಾನೇ. ಮೊದ್ಲು ಇಂಜಿನ್ ಸದ್ದು ಅದನ್ನ ಮುಚ್ಚಿತ್ತು, ನೀವು ಇಂಜಿನ್ ತೆಗೆದುಬಿಟ್ರಿ, ಮಾತು ಬಯಲಿಗೆ ಬಂತು.

ವಾಲ್ಯೂಮ್ ಏರಿಸೋದು ಮಾತ್ರ ಇವತ್ತೇ ನಿಲ್ಸಿ. ಡಬ್ಲ್ಯೂಎಚ್‌ಓ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಸದ್ದಾದ್ರೆ ವಾರಕ್ಕೆ 40 ಗಂಟೆ ತನಕ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದ ಹಾಗೆ ಟೈಮು ಅರ್ಧ ಆಗ್ತಾ ಹೋಗತ್ತೆ. 83ಕ್ಕೆ 20 ಗಂಟೆ, 86ಕ್ಕೆ 10, 90 ಹತ್ರ ಹೋದ್ರೆ ವಾರ ಪೂರ್ತಿಗೆ 4 ಗಂಟೆ ಅಷ್ಟೇ. ಬಸ್ಸು ಮೆಟ್ರೋ ಸದ್ದಿನ ಮೇಲೆ ಹಾಡು ಕೇಳ್ಸಬೇಕು ಅಂತ ಏರಿಸ್ತಾ ಹೋದ್ರೆ ಈ ನಂಬರ್ ದಾಟೋದು ಗೊತ್ತೇ ಆಗಲ್ಲ. ಸಂಜೆ ಗುಂಯ್ ಅನ್ನೋದು ಕಿವಿ ಸಾಕು ಅಂತಿರೋ ಲಕ್ಷಣ. ಕೆಲವು ಫೋನಲ್ಲಿ ಹೆಡ್‌ಫೋನ್ ಸದ್ದು ಎಷ್ಟು ಡೆಸಿಬಲ್ ಅಂತ ತೋರ್ಸತ್ತೆ, ಲಿಮಿಟ್ ಕೂಡ ಹಾಕಬಹುದು, ಒಂದ್ಸಲ ಸೆಟ್ಟಿಂಗ್ಸ್ ನೋಡಿ. ವಾಲ್ಯೂಮ್ ಇಳಿಸಿದ ಮೇಲೂ ಗುಂಯ್ ಬಿಡ್ಲಿಲ್ಲ ಅಂದ್ರೆ ಇಎನ್‌ಟಿ ಹತ್ರ ಹೋಗಿ, ಇಂಟರ್ನೆಟ್ಟಲ್ಲಿ ಕೇಳ್ತಾ ಕೂರಬೇಡಿ.

ಮಾತು ಮುಚ್ಚೋಕೆ ಹಾಡಿಗಿಂತ ಬ್ರೌನ್ ನಾಯ್ಸ್ ಅಂತ ಒಂದೇ ಸಮ ಬರೋ ಸದ್ದಿರತ್ತೆ, ಅದನ್ನ ಪ್ಲೇ ಮಾಡಿ ಟ್ರೈ ಮಾಡಿ. ವೈಟ್ ನಾಯ್ಸ್ ಸುಯ್ ಅಂತ ಚುಚ್ಚತ್ತೆ, ಬ್ರೌನ್‌ನಲ್ಲಿ ಮೇಲಿನ ಫ್ರೀಕ್ವೆನ್ಸಿ ಕಮ್ಮಿ, ದೂರದಲ್ಲಿ ನೀರು ಬೀಳೋ ಸದ್ದಿನ ಥರ. ತೀರಾ ಚೂಪಾದ ಧ್ವನಿ ಆದ್ರೆ ಇವೆರಡರ ನಡುವಿನ ಪಿಂಕ್ ನಾಯ್ಸ್ ಚೆನ್ನಾಗಿ ಮುಚ್ಚತ್ತೆ. ಕಮ್ಮಿ ವಾಲ್ಯೂಮಲ್ಲಿ ಇಟ್ರೂ ಮಾತು ಮಾತಾಗಿ ಕೇಳ್ಸಲ್ಲ, ಸುಮ್ನೆ ಗುಜುಗುಜು ಆಗತ್ತೆ, ಸಾಕಷ್ಟೇ. ಮಾತು ಪೂರ್ತಿ ಕೇಳಬಾರದು ಅಂತ ಹಠ ಹಿಡಿದ್ರೇನೇ ವಾಲ್ಯೂಮ್ ಮೇಲಕ್ಕೆ ಹೋಗೋದು.

ಸಂಜೆಮಲ್ಲಿಗೆ:

ಏನೂ ಹಾಕದೆ ಹಾಕ್ಕೊಳೋರ ಸಂಘಕ್ಕೆ ನಾನೂ ಮೆಂಬರ್ 😄 ಬ್ಯಾಟರಿ ಸತ್ತಿದ್ರೂ ತೆಗೆಯಲ್ಲ ನಾನು.

ನನ್ನ ಕಾರಣ ಸದ್ದಲ್ಲ, ಜನ. ಒಬ್ಳೇ ಹೋಗೋ ಹೆಣ್ಮಕ್ಕಳಿಗೆ ಗೊತ್ತಿರತ್ತೆ, ಪಕ್ಕದಲ್ಲಿ ಕೂತವನು ಟೈಮ್ ಎಷ್ಟು ಅಂತ ಶುರು ಮಾಡಿ, ಎಲ್ಲಿ ಇಳೀತೀರಾ, ಎಲ್ಲಿ ಕೆಲಸ, ಮದ್ವೆ ಆಗಿದ್ಯಾ ತನಕ ಬರ್ತಾನೆ. ಮುಖ ತಿರುಗಿಸಿದ್ರೆ ಜಗಳ, ಉತ್ರ ಕೊಟ್ರೆ ಇನ್ನೊಂದು ಪ್ರಶ್ನೆ. ಹೆಡ್‌ಫೋನ್ ಇದ್ರೆ ಮೊದಲ್ನೇ ಪ್ರಶ್ನೆನೇ ಹುಟ್ಟಲ್ಲ. ಹುಟ್ಟಿದ್ರೂ ನಾನು ನಿಧಾನಕ್ಕೆ ಒಂದು ಕಿವಿ ಎತ್ತಿ, ಹುಬ್ಬು ಮೇಲೆ ಮಾಡಿ, "ಏನಂದ್ರಿ?" ಅಂತೀನಿ. ಎರಡ್ನೇ ಸಲ ಅದೇ ಪ್ರಶ್ನೆ ಕೇಳೋಕೆ ಮುಕ್ಕಾಲು ಪಾಲು ಜನಕ್ಕೆ ನಾಚಿಕೆ ಆಗತ್ತೆ, ಏನಿಲ್ಲ ಬಿಡಿ ಅಂತಾರೆ. ಒಳಗೆ ಏನೂ ಓಡ್ತಿರಲ್ಲ, ಎಲ್ಲ ಕೇಳ್ತಿರತ್ತೆ. ಕೇಳ್ಸತ್ತೆ ಅಂತ ಅವರಿಗೆ ಗೊತ್ತಿಲ್ಲ, ಅದೇ ನನ್ನ ಸೇಫ್ಟಿ.

ಇದಕ್ಕೆ ಕಣ್ಣಿಗೆ ಕಾಣೋ ಥರದ್ದೇ ಬೇಕು ಆಯ್ತಾ, ಕೂದಲೊಳಗೆ ಮುಚ್ಚಿಹೋಗೋ ಸಣ್ಣ ಇಯರ್‌ಬಡ್ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ, ನೀವು ಬೇಕಂತ ಉತ್ರ ಕೊಡ್ತಿಲ್ಲ ಅಂದ್ಕೋತಾರೆ. ರಾತ್ರಿ ಹೊತ್ತು, ಖಾಲಿ ರಸ್ತೇಲಿ ನಡೆಯುವಾಗ ಮಾತ್ರ ನಾಯ್ಸ್ ಕ್ಯಾನ್ಸಲಿಂಗ್ ಆಫ್, ಹಿಂದೆ ಹೆಜ್ಜೆ ಸದ್ದು ಕೇಳ್ಲೇಬೇಕು.

ಇನ್ನು ಆಫೀಸಲ್ಲಿ ಜಂಬ ಅಂತಾರೆ ಅಂದ್ರಲ್ಲ, ನಮ್ಮ ಟೀಮಲ್ಲಿ ನಾನು ಒಂದು ಒಪ್ಪಂದ ಮಾಡ್ಕೊಂಡಿದೀನಿ. ಎರಡೂ ಕಿವಿ ಮುಚ್ಚಿದ್ರೆ ಮೆಸೇಜ್ ಹಾಕಿ, ಕುತ್ತಿಗೇಲಿ ನೇತಾಡ್ತಿದ್ರೆ ಬಂದು ಮಾತಾಡಿ. ಬಾಯಿಬಿಟ್ಟು ಹೇಳಿದ ಮೇಲೆ ಯಾರೂ ತಪ್ಪು ತಿಳ್ಕೊಳಲ್ಲ. ಹೇಳದೆ ಇದ್ರೆ ತಾನೇ ಜನ ಕಥೆ ಕಟ್ಟೋದು. ಆದ್ರೆ ನೀವೂ ಪಾಲಿಸ್ಬೇಕು, ದಿನಪೂರ್ತಿ ಎರಡೂ ಕಿವಿ ಮುಚ್ಕೊಂಡು ಕೂತ್ರೆ ಒಪ್ಪಂದಕ್ಕೆ ಬೆಲೆ ಇಲ್ಲ.

ಹಳೇರೇಡಿಯೋ:

ಎಲ್ಲರೂ ಒಪ್ಕೊಂಡ್ರೆ ಚರ್ಚೆ ಹೇಗಾಗತ್ತೆ, ನಾನು ಸ್ವಲ್ಪ ಅಡ್ಡ ಬರ್ತೀನಿ.

ಈ ಜಂಬ ಅನ್ನೋ ದೂರು ವಾಕ್‌ಮನ್ (ಜೇಬಲ್ಲಿಟ್ಟು ಹೆಡ್‌ಫೋನಲ್ಲಿ ಕೇಳೋ ಕ್ಯಾಸೆಟ್ ಪ್ಲೇಯರ್) ಕಾಲದಿಂದ ಇದೆ ತಂಗಿ. 1979ರಲ್ಲಿ ಬಂದ ಮೊದಲ್ನೇ ಸೋನಿ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಚುಚ್ಚೋಕೆ ಎರಡು ಜಾಕ್ ಇತ್ತು. ಒಬ್ಬರೇ ಕೂತು ಕೇಳೋದು ಮರ್ಯಾದೆ ಅಲ್ಲ ಅಂತ ಕಂಪನಿಯ ಅಕಿಯೋ ಮೊರಿಟಾಗೆ ಅನ್ನಿಸಿತ್ತು. ಜೊತೆಗೆ ಒಂದು ಕಿತ್ತಳೆ ಬಣ್ಣದ ಬಟನ್, ಒತ್ತಿದ್ರೆ ಹಾಡು ಮೆಲ್ಲಗಾಗಿ ಮೈಕಿಂದ ಪಕ್ಕದವರ ಮಾತು ಕೇಳ್ತಿತ್ತು. ಈಗಿನ ಟ್ರಾನ್ಸ್‌ಪರೆನ್ಸಿ ಮೋಡ್ ಅಂತಾರಲ್ಲ, ಹೆಚ್ಚುಕಮ್ಮಿ ಅದೇ. ಆಮೇಲೆ ನೋಡಿದ್ರೆ ಜನಕ್ಕೆ ಬೇಕಾಗಿದ್ದೇ ಒಂಟಿಯಾಗಿ ಕೇಳೋದು, ಮುಂದಿನ ಮಾಡೆಲ್‌ಗಳಲ್ಲಿ ಆ ಬಟನ್ ಬಿಟ್ಟೇಬಿಟ್ರು. ಹಾಗಾಗಿ ನಿಮ್ಮನ್ನ ಒಬ್ಬರನ್ನೇ ದೂರೋಕೆ ಆಗಲ್ಲ.

ನನ್ನ ತಕರಾರು ಬೇರೆ. ಸದ್ದು ಮಾಡೋರನ್ನ ಬಿಟ್ಟು ಸದ್ದು ಕೇಳೋರು ದುಡ್ಡು ಕೊಟ್ಟು ಕಿವಿ ಮುಚ್ಕೋಬೇಕು ಅನ್ನೋದು ಯಾವ ನ್ಯಾಯ ಹೇಳಿ. ಡಬ್ಲ್ಯೂಎಚ್‌ಓ 2018ರಲ್ಲಿ ಯುರೋಪಿಗೆ ಅಂತ ಕೊಟ್ಟ ಸಲಹೇಲಿ ರಸ್ತೆ ಸದ್ದು ದಿನದ ಸರಾಸರಿ 53 ಡೆಸಿಬಲ್ ಒಳಗೆ, ರಾತ್ರಿ 45 ಒಳಗೆ ಇರ್ಬೇಕು ಅಂದಿದೆ. ದೊಡ್ಡ ರಸ್ತೆ ಪಕ್ಕ ವಾಸ ಮಾಡೋರು ಇದನ್ನ ಓದಿ ನಗಬೇಕಷ್ಟೆ. ಎಲ್ರೂ ಹೆಡ್‌ಫೋನ್ ಹಾಕ್ಕೊಂಡು ಸುಮ್ನಾದ್ರೆ ಹಾರ್ನ್ ಬಗ್ಗೆ, ಸ್ಪೀಕರ್ ಬಗ್ಗೆ, ರಾತ್ರಿ ಡ್ರಿಲ್ಲಿಂಗ್ ಬಗ್ಗೆ ಕಂಪ್ಲೇಂಟ್ ಕೊಡೋರು ಯಾರು? ನಿಮ್ಮ ಪಕ್ಕದ ಬಿಲ್ಡಿಂಗಿನವರ ಹತ್ರ ಕೆಲಸದ ಟೈಮ್ ಎಷ್ಟರಿಂದ ಎಷ್ಟು ಅಂತ ಒಂದ್ಸಲ ಕೇಳಿದ್ದೀರಾ? ಬಸ್ಸಲ್ಲಿ ಸ್ಪೀಕರ್ ಹಾಕಿ ವಿಡಿಯೋ ನೋಡೋನಿಗೆ ಸ್ವಲ್ಪ ಕಮ್ಮಿ ಮಾಡಪ್ಪ ಅಂದಿದ್ದೀರಾ? ನಾನು ಅಂತೀನಿ. ಎಷ್ಟೋ ಜನ ಸಾರಿ ಅಂತ ಕಮ್ಮಿ ಮಾಡ್ತಾರೆ, ಕೆಲವರು ಗುರಾಯಿಸ್ತಾರೆ, ಗುರಾಯಿಸ್ಲಿ.

ರಸ್ತೆ ದಾಟುವಾಗ ದಯವಿಟ್ಟು ತೆಗೀರಿ. ಎಲೆಕ್ಟ್ರಿಕ್ ಗಾಡಿ ನಿಧಾನಕ್ಕೆ ಬಂದ್ರೆ ಖಾಲಿ ಕಿವಿಗೇ ಕೇಳ್ಸಲ್ಲ, ಇನ್ನು ಮುಚ್ಚಿದ ಕಿವಿಗೆ ಎಲ್ಲಿಂದ.

ಮೂರನೇಮಹಡಿ:

ಹಳೇರೇಡಿಯೋ ಸರ್, ಕಂಪ್ಲೇಂಟ್ ಎಲ್ಲ ಸರಿ, ಬಾಡಿಗೆ ರೂಮಲ್ಲಿ ಮೂವರು ಇರೋರು ಯಾರ ಮೇಲೆ ಕಂಪ್ಲೇಂಟ್ ಕೊಡೋದು? ಒಬ್ಬನ ಗೊರಕೆ, ಇನ್ನೊಬ್ಬನ ಗೇಮು. ನಂಗೆ ಇರೋ ಒಂದೇ ಖಾಸಗಿ ಜಾಗ ಅಂದ್ರೆ ಈ ಎರಡು ಕುಶನ್ ಮಧ್ಯೆ ಇರೋದು. ಅದಕ್ಕೆ ಬಾಡಿಗೆ ಇಲ್ಲ, ಅಡ್ವಾನ್ಸೂ ಇಲ್ಲ.

ಒಂದೇ ಎಚ್ಚರಿಕೆ, ಹಾಕ್ಕೊಂಡು ಮಾತಾಡಬೇಡಿ. ಅಕ್ಕಪಕ್ಕ ಸದ್ದು ಜಾಸ್ತಿ ಇದ್ರೆ ಮನುಷ್ಯ ತನಗೇ ಗೊತ್ತಿಲ್ದೆ ಗಂಟಲು ಏರಿಸ್ತಾನೆ, ಲೊಂಬಾರ್ಡ್ ಎಫೆಕ್ಟ್ ಅಂತಾರೆ ಇದಕ್ಕೆ, ಫ್ರಾನ್ಸಿನ ಇಎನ್‌ಟಿ ಡಾಕ್ಟರ್ ಒಬ್ರು 1911ರಲ್ಲೇ ಇದರ ಬಗ್ಗೆ ಬರೆದಿದಾರೆ. ಕಿವಿ ಒಳಗೆ ಹಾಡು ಓಡ್ತಿದ್ರೂ ಅದೇ ಕಥೆ. ನಮ್ಮ ಗೇಮ್ ಮಹಾಶಯ ಹೆಡ್‌ಸೆಟ್ ಹಾಕ್ಕೊಂಡು ರಾತ್ರಿ ಎರಡು ಗಂಟೆಗೆ ಪಿಸುಗುಡ್ತಿದೀನಿ ಅಂದ್ಕೊಂಡಿರ್ತಾನೆ, ಕೆಳಗಿನ ಮಹಡಿಯವರು ಎದ್ದು ಬರ್ತಾರೆ. ಅವನಿಗೆ ಶಾಂತಿ, ನಮಗೆ ಗಲಾಟೆ.

ಕಿಟಕಿಸೀಟು:

ತುಂಬ ಥ್ಯಾಂಕ್ಸ್ ಎಲ್ರಿಗೂ. ತಂತಿಬಾಬು ಅವರೇ, ಬ್ರೌನ್ ನಾಯ್ಸ್ ಹಾಕಿ ನೋಡ್ದೆ, ಹಿಂದಿನ ಸೀಟಿನ ಕಥೆ ಈಗ ಅರ್ಧಂಬರ್ಧ ಕೇಳ್ಸತ್ತೆ, ಅದು ಒಂಥರಾ ಇನ್ನೂ ಕಷ್ಟ, ಕೊನೆಗೆ ಏನಾಯ್ತು ಅಂತ ತಿಳ್ಕೋಬೇಕು ಅನ್ಸತ್ತೆ 😅 ಆದ್ರೆ ಓದುವಾಗ ನಿಜವಾಗ್ಲೂ ಹೆಲ್ಪ್ ಆಯ್ತು, ಹಾಡಿದ್ರೆ ಅದರ ಸಾಹಿತ್ಯದ ಕಡೆ ಮನಸ್ಸು ಹೋಗ್ತಿತ್ತು, ಇದಕ್ಕೆ ಹೋಗಲ್ಲ. ಕುತ್ತಿಗೆ ಒಪ್ಪಂದ ಸೋಮವಾರ ಟೀಮಲ್ಲಿ ಹೇಳ್ತೀನಿ.

ಹಳೇರೇಡಿಯೋ ಅಂಕಲ್, ನಿಮ್ಮ ಮಾತು ಸುಳ್ಳು ಅನ್ನಲ್ಲ, ಆದ್ರೆ ದಿನಾ ಸಂಜೆ ಸುಸ್ತಾಗಿ ನಿಂತ್ಕೊಂಡು ಬರೋಳಿಗೆ ಎಲ್ಲರ ಹತ್ರ ಕಮ್ಮಿ ಮಾಡಿ ಅನ್ನೋ ಶಕ್ತಿ ಇರಲ್ಲ. ಕೇಳಿದ್ರೆ ಜಗಳ ಆಗಬಹುದು ಅನ್ನೋ ಭಯ ನಿಮಗಿಂತ ನಂಗೆ ಜಾಸ್ತಿ. ಬಿಲ್ಡಿಂಗಿನವರ ಹತ್ರ ಮಾತ್ರ ಖಂಡಿತ ಕೇಳ್ತೀನಿ.

ಇನ್ನೊಂದು ಡೌಟು. ಏನೂ ಪ್ಲೇ ಮಾಡದೆ ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿದ್ರೆ ಕಿವಿ ಒತ್ತಿದ ಹಾಗೆ ಆಗತ್ತೆ, ಲಿಫ್ಟಲ್ಲಿ ಆಗತ್ತಲ್ಲ ಹಂಗೆ. ಮತ್ತೆ ಎಡಗಡೆಯಿಂದ ಮಾತ್ರ ಬಸ್ಸಿನ ಸದ್ದು ಸ್ವಲ್ಪ ನುಗ್ಗತ್ತೆ. ನಾನು ಕನ್ನಡಕ ಹಾಕ್ತೀನಿ, ಅದಕ್ಕೇನಾದ್ರೂ ಸಂಬಂಧ ಇದ್ಯಾ?

ಹಳೇರೇಡಿಯೋ:

ಸರಿ ತಂಗಿ, ಭಯದ ಮಾತು ಒಪ್ದೆ. ನಾನು ಗಂಡಸು, ವಯಸ್ಸಾದವನು ಬೇರೆ, ನಂಗೆ ಎದುರು ಮಾತಾಡೋರು ಕಮ್ಮಿ. ಆದ್ರೂ ಡ್ರಿಲ್ಲಿಂಗ್ ವಿಷಯ ಬರವಣಿಗೇಲಿ ಕೊಡಿ, ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಹಾಕ್ಸಿ. ಬಾಯಿ ಮಾತಿಗೆ ಯಾರೂ ಅಲ್ಲಾಡಲ್ಲ.

ತಂತಿಬಾಬು:

ಸಂಬಂಧ ಇದ್ದೇ ಇದೆ ಮೇಡಂ! ಕನ್ನಡಕದ ಕಾಲು ಕುಶನ್ ಕೆಳಗೆ ಹೋಗೋ ಜಾಗದಲ್ಲಿ ಸಣ್ಣ ಸಂದಿ ಬೀಳತ್ತೆ, ಕೆಳಗಿನ ಫ್ರೀಕ್ವೆನ್ಸಿ ಎಲ್ಲ ಅಲ್ಲಿಂದಾನೇ ಒಳಗೆ ಬರೋದು. ಒಂದ್ಸಲ ಕನ್ನಡಕ ತೆಗೆದು ಹಾಕ್ಕೊಂಡು ನೋಡಿ, ತಕ್ಷಣ ಗೊತ್ತಾಗತ್ತೆ. ಎಡಗಡೆ ಮಾತ್ರ ಅಂದ್ರೆ ಆ ಕಡೆ ಫ್ರೇಮ್ ಬಗ್ಗಿರಬಹುದು ಇಲ್ಲಾ ಕುಶನ್ ಸವೆದಿರಬಹುದು, ತುಂಬ ಮಾಡೆಲ್‌ಗಳಲ್ಲಿ ಕುಶನ್ ಬಿಚ್ಚಿ ಬೇರೆ ಹಾಕ್ಕೋಬಹುದು. ತೆಳ್ಳಗಿನ ಕಾಲಿನ ಫ್ರೇಮ್ ಇದ್ರೆ ವಾಸಿ. ಇಲ್ಲಾಂದ್ರೆ ಬಸ್ಸಿಗೆ ಫೋಮ್ ಟಿಪ್ ಇರೋ ಇನ್-ಇಯರ್ ಇಟ್ಕೊಳಿ, ಬೆರಳಲ್ಲಿ ಹಿಸುಕಿ ಒಳಗೆ ಇಟ್ಟು ಉಬ್ಬೋ ತನಕ ಹಿಡ್ಕೊಂಡ್ರೆ ಮಾತಿನ ಸದ್ದನ್ನೂ ಒಳ್ಳೆ ತಡೆಯತ್ತೆ, ಕನ್ನಡಕದ ತಂಟೆ ಇಲ್ಲ.

ಒತ್ತಿದ ಹಾಗೆ ಆಗೋದು ತುಂಬ ಜನಕ್ಕಿದೆ. ನಿಜವಾಗ್ಲೂ ಗಾಳಿ ಒತ್ತಡ ಏನೂ ಬದಲಾಗಿರಲ್ಲ, ಕೆಳಗಿನ ಸದ್ದು ಒಮ್ಮೆಲೇ ಮಾಯ ಆದಾಗ ಹಂಗನ್ನಿಸತ್ತೆ. ಆ್ಯಪ್‌ನಲ್ಲಿ ಲೆವೆಲ್ ಬದಲಾಯಿಸೋ ಹಾಗಿದ್ರೆ ಪೂರ್ತಿ ಇಡದೆ ಮಧ್ಯದಲ್ಲಿ ಇಡಿ. ಇಲ್ಲಾ ಆಫೀಸಲ್ಲಿ ಅದನ್ನ ಆಫ್ ಮಾಡಿ ಬರೀ ಕುಶನ್ ಮೇಲೆ ನಡೆಸಿ, ಏಸಿ ಸದ್ದು ಹಾಗೇ ಇದ್ರೆ ಪಕ್ಕದ ಡೆಸ್ಕಿನ ಮಾತು ಅದರೊಳಗೆ ಮುಚ್ಚಿಹೋಗತ್ತೆ.

ಸಂಜೆಮಲ್ಲಿಗೆ:

ಆ ಹಿಂದಿನ ಸೀಟಿನ ಕಥೆ ಮುಂದೇನಾಯ್ತು ಅಂತ ಗೊತ್ತಾದ್ರೆ ಇಲ್ಲೂ ಹಾಕಿ ಪ್ಲೀಸ್.